ರಾಯಚೂರು ಸೀಮೆಯ ಮಾತು ಸಂಗ್ರಹ: ಒಪ್ಪಿಗೆ ಹೇಗೆ, ಹೆಸರು ಅಳಿಸೋದು ಹೇಗೆ, ಪಾಠದಾಗ ಇದನ್ನ ಎಲ್ಲಿಡೋದು?

ದೋಆಬ್_ಮಾಸ್ತರ (ರಾಯಚೂರು)

ಅಂತಿಮ ವರ್ಷದ ಬಿ.ಇ. ತಂಡವೊಂದರ ಪ್ರಾಜೆಕ್ಟ್ ಹೀಗಿದೆ: ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವವರು ತಮ್ಮ ಮಾತಿನಲ್ಲೇ ಕೇಳಿದ ಪ್ರಶ್ನೆಯನ್ನು ಪಠ್ಯಕ್ಕೆ ಇಳಿಸುವ ಮಾದರಿ (ಉದಾಹರಣೆಗಳಿಂದ ಕಲಿಯುವ ಸಾಫ್ಟ್‌ವೇರ್). ಮುಕ್ತವಾಗಿ ಸಿಗುವ ಕನ್ನಡ ಮಾದರಿಯನ್ನೇ ತೆಗೆದುಕೊಂಡು, ಸುಮಾರು 20 ಗಂಟೆಯ ಸ್ಥಳೀಯ ಮಾತಿನಿಂದ ಮತ್ತೆ ತರಬೇತಿ ಕೊಡುವ ಯೋಚನೆ. ಮಾತು ಬರುವುದು ಮೂರು ಕಡೆಯಿಂದ: ಸಿಂಧನೂರು, ಮಾನ್ವಿ, ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ನೇರ ರೆಕಾರ್ಡಿಂಗ್, ರೈತರ ವಾಟ್ಸಾಪ್ ಗುಂಪುಗಳ ಧ್ವನಿ ಸಂದೇಶ, ಯೂಟ್ಯೂಬ್ ಕಾಮೆಂಟ್. ಇನ್ನೊಂದು ತಂಡ ಅದೇ ಕಾಮೆಂಟುಗಳಲ್ಲಿ ಬೈಗುಳ ಗುರುತಿಸುವ ಮಾದರಿ ಮಾಡಬೇಕೆಂದಿದೆ.

ಕಾಲೇಜಿನಲ್ಲಿ ಸಂಶೋಧನಾ ನೀತಿ ಸಮಿತಿ ಇಲ್ಲ. ಕೇಳಬೇಕಾದ್ದು ಮೂರು. ಒಪ್ಪಿಗೆ ಹೇಗೆ ಪಡೆಯಬೇಕು, ಹೆಸರು-ನಂಬರು ಎಷ್ಟರ ಮಟ್ಟಿಗೆ ಅಳಿಸಿದರೆ ಸಾಕು, ಸಹಜ ಭಾಷಾ ಸಂಸ್ಕರಣೆಯ (ಯಂತ್ರಕ್ಕೆ ಮನುಷ್ಯರ ಭಾಷೆ ಕಲಿಸುವ) ಪಾಠದಲ್ಲಿ ಈ ವಿಷಯಕ್ಕೆ ಜಾಗ ಎಲ್ಲಿ? ಸದ್ಯ ಪಠ್ಯಕ್ರಮದ ಕೊನೆಯ ಘಟಕದ ಕೊನೆಯ ಸಾಲಿನಲ್ಲಿ ಕೂತಿದೆ. ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಗವಿಮಠ_ದಾರಿ (ಕೊಪ್ಪಳ)

ಮೊದಲು ಕಾನೂನು, ಅದು ಬೇಗ ಮುಗಿಯುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಸಂಶೋಧನೆಗೆ ವಿನಾಯಿತಿ ಇರುವುದು ನಿಜ, ಆದರೆ ಎರಡು ಷರತ್ತಿನ ಮೇಲೆ: ಆ ದತ್ತಾಂಶ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು, ನಿಯಮದಲ್ಲಿ ಹೇಳಿದ ಮಾನದಂಡ ಪಾಲಿಸಿರಬೇಕು. ಬೇಕಾದಷ್ಟೇ ಸಂಗ್ರಹ, ಬೇಕಾದಷ್ಟು ದಿನವೇ ಇಡುವುದು, ಭದ್ರವಾಗಿ ಇಡುವುದು ಆ ಮಾನದಂಡಗಳಲ್ಲಿ ಸೇರಿವೆ. ‘ಸಂಶೋಧನೆ ಅಂದ್ರೆ ಎಲ್ಲಾ ಮಾಫಿ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ತಾನಾಗಿಯೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸದು. ಯೂಟ್ಯೂಬ್ ಕಾಮೆಂಟ್ ಅಲ್ಲಿಗೆ ಬರಬಹುದು, ವಾಟ್ಸಾಪ್ ಗುಂಪು ಬರುವುದಿಲ್ಲ. 18 ತುಂಬದವರು ಕಾಯ್ದೆಯ ಲೆಕ್ಕದಲ್ಲಿ ಮಕ್ಕಳೇ, ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಹೊಲದಲ್ಲಿ ಮಾತಾಡಿಸುವಾಗ ಪಕ್ಕದಲ್ಲಿ ನಿಂತ ಪಿಯುಸಿ ಹುಡುಗನೂ ನಡುವೆ ಬಾಯಿ ಹಾಕುತ್ತಾನೆ, ಆ ತುಣುಕು ಕತ್ತರಿಸಿ.

ಕಾಮೆಂಟುಗಳ ವಿಷಯದಲ್ಲಿ ಕಾನೂನಿಗಿಂತ ಮುಂಚೆ ತಡೆಯುವುದು ವೇದಿಕೆಯ ಷರತ್ತು. ಯೂಟ್ಯೂಬ್ ಎಪಿಐ (ಪ್ರೋಗ್ರಾಂ ಬರೆದು ಮಾಹಿತಿ ಪಡೆಯುವ ದಾರಿ) ಮೂಲಕ ಪಡೆದದ್ದನ್ನು 30 ದಿನದೊಳಗೆ ಅಳಿಸಬೇಕು ಅಥವಾ ಹೊಸದಾಗಿ ತರಬೇಕು. ಸೆಮಿಸ್ಟರಿನ ಮೊದಲ ವಾರ ಇಳಿಸಿಕೊಂಡು ವೈವಾದ ತನಕ ಇಟ್ಟುಕೊಂಡರೆ ಷರತ್ತು ಮುರಿದಂತೆ.

ಬಳ್ಳಾರಿ_ಬಿಸಿಲು

ವಾಟ್ಸಾಪ್ ಗುಂಪಿನ ಮೂಲವನ್ನೇ ಕೈಬಿಡಿ ಅನ್ನುವುದು ನನ್ನ ಸಲಹೆ. ಬಿಡಲ್ಲ ಅಂದರೆ ಏನೇನು ಎದುರಾಗುತ್ತದೆ ನೋಡಿಕೊಳ್ಳಿ.

ಅಡ್ಮಿನ್ ‘ತಗೋರಿ’ ಅಂದದ್ದು ಒಪ್ಪಿಗೆಯಲ್ಲ, ಮಾತಾಡಿದ ಪ್ರತಿಯೊಬ್ಬರೂ ಒಪ್ಪಬೇಕು. 40 ಜನರಲ್ಲಿ ಮೂವರು ಬೇಡ ಅಂದರೆ ಆ ಮೂವರ ಸಂದೇಶದ ಜೊತೆ, ಅವರ ಮಾತನ್ನು ಎತ್ತಿ ಉತ್ತರಿಸಿದ ಬೇರೆಯವರ ಸಂದೇಶವನ್ನೂ ತೆಗೆಯಬೇಕು. ಚಾಟ್ ಎಕ್ಸ್‌ಪೋರ್ಟ್ ಮಾಡಿದ ಕಡತ ತೆರೆದು ನೋಡಿ: ಎಕ್ಸ್‌ಪೋರ್ಟ್ ಮಾಡಿದವನ ಫೋನಿನಲ್ಲಿ ಸೇವ್ ಆಗದವರ ಪೂರ್ತಿ ನಂಬರ್ ಇರುತ್ತದೆ, ಸೇವ್ ಆದವರು ಅವನು ಇಟ್ಟ ಹೆಸರಿನಲ್ಲೇ ಬರುತ್ತಾರೆ. ‘ಗೊಬ್ಬರದಂಗಡಿ ಶರಣಪ್ಪ ಕ್ಯಾಂಪ್’ ಅಂತಿದ್ದರೆ ವೃತ್ತಿ, ಹೆಸರು, ಊರು ಮೂರೂ ಒಂದೇ ಸಾಲಿನಲ್ಲಿ ಸಿಕ್ಕಂತೆ. ಮುಂದೆ ತಳ್ಳಿದ ಆಡಿಯೋ ಯಾರದು ಅಂತ ಗುಂಪಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೆ ಒಪ್ಪಿಗೆ ಪಡೆಯುವ ದಾರಿಯೇ ಇಲ್ಲ.

ಕೊರಿಯಾದಲ್ಲಿ ಇರುದಾ ಅನ್ನುವ ಚಾಟ್‌ಬಾಟ್ 2020ರ ಡಿಸೆಂಬರ್‌ನಲ್ಲಿ ಬಂತು. ಬೇರೊಂದು ಆ್ಯಪ್‌ಗೆ ಜನ ಕೊಟ್ಟಿದ್ದ ಕಾಕಾವ್‌ಟಾಕ್ (ಅಲ್ಲಿಯ ವಾಟ್ಸಾಪ್ ಇದ್ದಂತೆ) ಸಂಭಾಷಣೆಗಳಿಂದ ಅದಕ್ಕೆ ತರಬೇತಿ ಕೊಟ್ಟಿದ್ದರು. ಅದು ಹೆಸರು, ವಿಳಾಸ ಉಗುಳತೊಡಗಿ 2021ರ ಜನವರಿಯಲ್ಲೇ ನಿಂತಿತು, ಏಪ್ರಿಲ್‌ನಲ್ಲಿ ಕಂಪನಿಗೆ ಹತ್ತು ಕೋಟಿ ವಾನ್‌ಗೂ ಮಿಕ್ಕಿ ದಂಡ ಬಿತ್ತು. ಜನ ‘ಒಪ್ಪಿಗೆ’ ಒತ್ತಿದ್ದು ಇನ್ನೊಂದು ಕೆಲಸಕ್ಕೆ. ವಿದ್ಯಾರ್ಥಿ ಪ್ರಾಜೆಕ್ಟಿನಲ್ಲೂ ಆಗುವುದು ಇದೇ. ರೈತರ ಪ್ರಶ್ನೆಗೆ ಅಂತ ಪಡೆದ ಧ್ವನಿ ಮುಂದಿನ ವರ್ಷದ ಬ್ಯಾಚಿನಲ್ಲಿ ಧ್ವನಿ ನಕಲು ಮಾಡುವ ಪ್ರಾಜೆಕ್ಟಿಗೆ ಹೋಗುತ್ತದೆ.

ಕೋಟೆ_ಕಲ್ಲು (ಬಳ್ಳಾರಿ)

ಇಷ್ಟೆಲ್ಲಾ ಹೆದರಿಸಿದ್ರೆ ನಮ್ಮ ಕಡೆ ಮಾತು ಯಂತ್ರಕ್ಕೆ ಹೋಗೋದು ಯಾವಾಗ? ‘ಬರಾಕತ್ಯಾನ’ ಅಂದ್ರೆ ಈಗಲೂ ಅರ್ಧ ಆ್ಯಪ್‌ಗಳು ಕಣ್ಣು ಕಣ್ಣು ಬಿಡ್ತಾವ. ದೊಡ್ಡ ಕಂಪನಿಗಳು ಯಾರನ್ನೂ ಕೇಳದೆ ಇಡೀ ಇಂಟರ್ನೆಟ್ ಗುಡಿಸಿಕೊಂಡು ಹೋದ್ವು, ಇಪ್ಪತ್ತು ಗಂಟೆ ಆಡಿಯೋ ಮಾಡೋ ಹುಡುಗರಿಗೆ ಇಷ್ಟು ಫಾರಂ. ಮಾತು ಸೇರದಿರೋದೂ ಒಂದು ಅನ್ಯಾಯ ಅಲ್ಲೇನ್ರೀ?

ಕಿನ್ನಾಳ_ಗೊಂಬೆ

ಅನ್ಯಾಯವೇ. 2016ರಲ್ಲಿ ಹೋವಿ ಮತ್ತು ಸ್ಪ್ರೂಟ್ ಎಂಬ ಸಂಶೋಧಕರು ಸಹಜ ಭಾಷಾ ಸಂಸ್ಕರಣೆಯ ಸಾಮಾಜಿಕ ಪರಿಣಾಮದ ಬಗ್ಗೆ ಬರೆದ ಲೇಖನದಲ್ಲಿ ಹೊರಗುಳಿಸುವಿಕೆಯನ್ನು ಪ್ರತ್ಯೇಕ ಸಮಸ್ಯೆಯಾಗಿಯೇ ಎತ್ತಿದ್ದಾರೆ. ಆದರೆ ಸರ್, ಜಿಲ್ಲಾವಾರು ಕೆಲಸ ಆಗುತ್ತಲೇ ಇದೆ. ಐಐಎಸ್‌ಸಿಯ ವಾಣಿ ಯೋಜನೆ ಚಿತ್ರ ತೋರಿಸಿ, ಜನ ಅದರ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿದ್ದನ್ನು ರೆಕಾರ್ಡ್ ಮಾಡುತ್ತದೆ. ಆ ವಿಧಾನದ ಲಾಭ ಏನೆಂದರೆ ಎದುರಿಗೆ ಚಿತ್ರ ಇದ್ದಾಗ ಮನೆ ಸಾಲ, ಸೊಸೆ ಜಗಳ ಮಾತಿಗೆ ಬರುವುದು ಕಡಿಮೆ. ಕೀಟ ಬಿದ್ದ ಹತ್ತಿ ಕಾಯಿ, ಮುದುಡಿದ ಮೆಣಸಿನ ಎಲೆ, ನೀರು ನಿಂತ ಭತ್ತದ ಗದ್ದೆ, ಇಂಥ 30 ಫೋಟೋ ಮುದ್ರಿಸಿಕೊಂಡು ಹೋಗಿ ‘ಇದಕ್ಕೇನು ಕೇಳ್ತೀರಿ?’ ಅಂದರೆ ಬೇಕಾದ ಪ್ರಶ್ನೆಗಳೇ ಬರುತ್ತವೆ. ವಾಟ್ಸಾಪ್ ಬೇಕಾಗುವುದಿಲ್ಲ.

ಒಪ್ಪಿಗೆಯ ಬಗ್ಗೆ. ಇಂಗ್ಲಿಷಿನಿಂದ ಅನುವಾದಿಸಿದ ಎರಡು ಪುಟದ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸುವುದು ಮಾತಾಡಿಸುವವನ ರಕ್ಷಣೆಗೆ, ಮಾತಾಡುವವರ ರಕ್ಷಣೆಗಲ್ಲ. ರೆಕಾರ್ಡರ್ ಆನ್ ಮಾಡಿ, ಬಾಯಿಮಾತಿನಲ್ಲೇ ನಾಲ್ಕು ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ:

‘ಈ ಧ್ವನಿ ನಮ್ಮ ಕಾಲೇಜಿನ ಕೆಲಸಕ್ಕ ಬಳಸಬಹುದಾ?’
‘ಬ್ಯಾರೆ ಕಾಲೇಜಿನವ್ರಿಗೆ ಕೊಡಬಹುದಾ?’
‘ಕಂಪನಿ ಸೇರಿ ಯಾರು ಬೇಕಾದ್ರೂ ಇಳಿಸಿಕೊಳ್ಳೋ ಹಂಗ ಇಂಟರ್ನೆಟ್ಟಿಗೆ ಹಾಕಬಹುದಾ?’
‘ನಿಮ್ಮ ದನಿ ಹಂಗೇ ಮಾತಾಡೋ ಯಂತ್ರ ಮಾಡಾಕ ಬಳಸಬಹುದಾ?’

ಮೊದಲನೆಯದಕ್ಕೆ ಹೂಂ, ನಾಲ್ಕನೆಯದಕ್ಕೆ ಬ್ಯಾಡ ಅನ್ನುವವರೇ ಹೆಚ್ಚು ಎಂದುಕೊಂಡೇ ಕಡತ ಜೋಡಿಸಿ. ನಾಲ್ಕೂ ಉತ್ತರ ಆಯಾ ವ್ಯಕ್ತಿಯ ಸಂಕೇತದ (ಹೆಸರಿನ ಬದಲು ಕೊಟ್ಟ ಗುರುತಿನ) ಎದುರು ನಾಲ್ಕು ಕಾಲಂ ಆಗಿ ಇರಲಿ. ‘ಒಪ್ಪಿದ್ದಾರೆ’ ಅನ್ನುವ ಒಂದೇ ಕಾಲಂ ಇದ್ದರೆ ಬಿಡುಗಡೆಯ ದಿನ ಯಾರದನ್ನು ಸೋಸಬೇಕು ಅಂತ ತಿಳಿಯುವುದಿಲ್ಲ.

ಇನ್ನೊಂದು. ಪಂಚಾಯಿತಿ ಸದಸ್ಯರೋ ಜಮೀನಿನ ಮಾಲೀಕರೋ ಪಕ್ಕದಲ್ಲಿ ನಿಂತು ‘ಹೂಂ ಅನ್ನು, ಮಾತಾಡು’ ಅಂದರೆ ಅದು ಒಪ್ಪಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಕೂಲಿಗೆ ಬಂದ ಹೆಣ್ಣುಮಕ್ಕಳನ್ನು ಮಾಲೀಕರ ಹೊಲದಲ್ಲೇ ಮಾತಾಡಿಸಬೇಡಿ, ಅಂದಿನ ಕೂಲಿಯ ಹೊತ್ತಿನಲ್ಲಂತೂ ಬೇಡ. ಕ್ಲಾಸಿನಲ್ಲೂ ಹೀಗೇ: ಇಂಟರ್ನಲ್ಸ್ ಅಂಕ ಕೊಡುವವರೇ ವಿದ್ಯಾರ್ಥಿಗಳ ಧ್ವನಿ ಕೇಳಿದರೆ ಬೇಡ ಅನ್ನುವ ಧೈರ್ಯ ಯಾರಿಗಿರುತ್ತದೆ? ಬೇರೆ ವಿಭಾಗದವರು ಕೇಳಲಿ, ಯಾರು ಕೊಟ್ಟರು ಯಾರು ಬಿಟ್ಟರು ಅನ್ನುವ ಪಟ್ಟಿ ಅಂಕ ಸಲ್ಲಿಕೆಯಾದ ಮೇಲೆ ಮಾಸ್ತರ ಕೈಗೆ ಬರಲಿ.

ದೋಆಬ್_ಮಾಸ್ತರ

ಫೋಟೋ ವಿಧಾನ ಒಪ್ಪಿದೆ, ವಾಟ್ಸಾಪ್ ಬಿಟ್ಟೆವು. ಹೆಸರು ಅಳಿಸುವುದು? ವಿದ್ಯಾರ್ಥಿಗಳು ಹೆಸರುಗಳ ಪಟ್ಟಿ ಮಾಡಿ ಹುಡುಕಿ-ಬದಲಿಸು ಮಾಡುವ ಯೋಚನೆಯಲ್ಲಿದ್ದಾರೆ.

ಬಳ್ಳಾರಿ_ಬಿಸಿಲು

ಪಟ್ಟಿ ಕನ್ನಡದಲ್ಲಿ ಕೈ ಕೊಡುತ್ತದೆ. ಕಾರಣಗಳು ಇಲ್ಲಿವೆ.

ಪೂರ್ತಿ ಪದ ಹೊಂದಿಸಿದರೆ ‘ಬಸವರಾಜ’ ಸಿಗುತ್ತದೆ, ‘ಬಸವರಾಜಗ’, ‘ಬಸವರಾಜಂದು’, ‘ಬಸವರಾಜನ್ನ’ ಸಿಗುವುದಿಲ್ಲ. ಪದದ ಮೊದಲ ಭಾಗ ಮಾತ್ರ ಹೊಂದಿಸಿದರೆ ಅವು ಸಿಗುತ್ತವೆ, ಆದರೆ ‘ಬಸ್ರಾಜ’, ‘ಬಸ್ಯಾ’ ತಪ್ಪಿಸಿಕೊಳ್ಳುತ್ತವೆ. ಅವಕ್ಕಾಗಿ ‘ಬಸ’ ಅಂತ ಮೊಟಕು ಮಾಡಿದರೆ ಬಸ್ಸು, ಬಸಿಗಾಲುವೆ, ಬಸಳೆ ಎಲ್ಲವೂ ಹೆಸರಾಗಿಬಿಡುತ್ತವೆ. ಗಂಗಾ, ಶಾಂತಿ, ತುಂಗಾ ಇವು ಹೆಸರೂ ಹೌದು, ಮಾತಿನ ಪದವೂ ಹೌದು. ಹಾಗಾಗಿ ಪಟ್ಟಿ ಮೊದಲ ಜರಡಿ ಮಾತ್ರ. ಎರಡನೆಯದು ಹೆಸರು ಗುರುತಿಸುವ ಮಾದರಿ, ಅದು ಪತ್ರಿಕೆ ಕನ್ನಡಕ್ಕೆ ಒಗ್ಗಿರುವುದರಿಂದ ಇಲ್ಲಿಯ ಆಡುಮಾತಿನಲ್ಲಿ ತಡವರಿಸುತ್ತದೆ. ಮೂರನೆಯದು ಮನುಷ್ಯರು ಓದುವುದು. 20 ಗಂಟೆಯ ಪಠ್ಯವನ್ನು ಇಬ್ಬರು ಬೇರೆಬೇರೆಯಾಗಿ ಪೂರ್ತಿ ಓದಬಹುದು, ಅದರಲ್ಲಿ ಉಳಿತಾಯ ನೋಡಬೇಡಿ.

ಅಳಿಸಿದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ವಿಭಕ್ತಿ ಹೋಗಿ ವಾಕ್ಯ ಕೆಡುತ್ತದೆ. ‘‹ಹೆಸರು-1›ಗ ಹೇಳಿದ್ನಿ’ ಅಂತ ಪ್ರತ್ಯಯ ಉಳಿಸಿ. ಒಂದೇ ವ್ಯಕ್ತಿಗೆ ಆ ರೆಕಾರ್ಡಿಂಗ್ ಉದ್ದಕ್ಕೂ ಒಂದೇ ಅಂಕಿ.

ಅಡ್ಡಹೆಸರು ನಮ್ಮ ಕಡೆ ದೊಡ್ಡ ತೊಡಕು. ಕುಷ್ಟಗಿ, ಕುಕನೂರ ಅಂತ ಊರೇ ಅಡ್ಡಹೆಸರು. ಬಡಿಗೇರ, ಹೂಗಾರ, ಕಂಬಾರ ಅಂತ ಕಸುಬೇ ಅಡ್ಡಹೆಸರು, ಅದರಿಂದ ಜಾತಿಯೂ ತಿಳಿಯುತ್ತದೆ. ಮೊದಲ ಹೆಸರು ಅಳಿಸಿ ಅಡ್ಡಹೆಸರು ಬಿಟ್ಟರೆ ಅಳಿಸಿದ್ದೇ ದಂಡ.

ನಂಬರು. ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ (ಪಠ್ಯದಲ್ಲಿ ನಮೂನೆ ಹುಡುಕುವ ಸೂತ್ರ) ಚೌಕ ಕಂಸದೊಳಗೆ 0-9 ಎಂದು ಬರೆದರೆ ೦ಯಿಂದ ೯ರವರೆಗಿನ ಕನ್ನಡ ಅಂಕಿ ಸಿಗುವುದಿಲ್ಲ. ಪೈಥಾನ್ 3ರಲ್ಲಿ ಬ್ಯಾಕ್‌ಸ್ಲ್ಯಾಶ್ ಡಿ ಬಳಸಿದರೆ ಎರಡೂ ಸಿಗುತ್ತವೆ. ಮೊಬೈಲಿಗೆ 10 ಅಂಕಿ, ಮೊದಲನೆಯದು 6ರಿಂದ 9. ಆಧಾರ್‌ಗೆ 12, ಮೊದಲನೆಯದು 0 ಅಥವಾ 1 ಆಗಿರುವುದಿಲ್ಲ. ನಡುವೆ ಜಾಗ, ಅಡ್ಡಗೆರೆ ಇದ್ದರೂ ಹಿಡಿಯುವಂತೆ ಬರೆಯಿರಿ. ಆದರೆ ಮಾತಿನಿಂದ ಇಳಿಸಿದ ಪಠ್ಯದಲ್ಲಿ ನಂಬರ್ ಅಂಕಿಯಾಗಿ ಬರುವುದೇ ಅಪರೂಪ. ‘ತೊಂಬತ್ತೆಂಟು ನಲವತ್ತೈದು ಡಬಲ್ ಜೀರೋ’ ಅಂತ ಅಕ್ಷರದಲ್ಲಿ ಬರುತ್ತದೆ, ಅರ್ಧ ಇಂಗ್ಲಿಷ್ ಅರ್ಧ ಕನ್ನಡ. ಸಂಖ್ಯಾವಾಚಕ ಪದಗಳು ಮೂರಕ್ಕಿಂತ ಹೆಚ್ಚು ಸಾಲಾಗಿ ಬಂದ ಕಡೆ ಗುರುತು ಹಾಕಿಸಿ, ಆಮೇಲೆ ಕಣ್ಣಲ್ಲಿ ನೋಡಿ.

ಪಠ್ಯ ತಿದ್ದಿದ ಮೇಲೆ ಆಡಿಯೋದಲ್ಲೂ ಆ ಜಾಗ ಮೌನ ಮಾಡಬೇಕು. ಇದನ್ನು ಮರೆಯುವವರೇ ಹೆಚ್ಚು.

ಗವಿಮಠ_ದಾರಿ

ಸೇರಿಸುತ್ತೇನೆ: ಧ್ವನಿಯ ವಿಷಯದಲ್ಲಿ ‘ಅನಾಮಧೇಯ’ ಎಂದು ಬರೆಯಲೇಬೇಡಿ. ಎರಡು ಸಾವಿರ ಜನರ ಊರಿನಲ್ಲಿ ದನಿ ಕೇಳಿದ ಕೂಡಲೇ ಯಾರೆಂದು ಎಲ್ಲರಿಗೂ ಗೊತ್ತು. ‘ಹೆಸರು, ನಂಬರು ತೆಗೆಯಲಾಗಿದೆ, ಧ್ವನಿಯಿಂದ ಗುರುತು ಸಿಗಬಹುದು’ ಅಂತ ಒಪ್ಪಿಗೆ ಕೇಳುವಾಗಲೇ ಹೇಳಿ.

ಮೆಟಾಡೇಟಾ (ಧ್ವನಿಯ ಜೊತೆ ಬರೆದಿಡುವ ವಿವರ) ಕಡೆಗೂ ಗಮನ ಇರಲಿ. ತಾಲ್ಲೂಕು, ವಯಸ್ಸು, ಲಿಂಗ, ಕಸುಬು ನಾಲ್ಕನ್ನೂ ಸೇರಿಸಿದರೆ ಒಬ್ಬರೇ ಉಳಿಯುತ್ತಾರೆ. ಯಾವುದೇ ಜೋಡಣೆಯಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ತಾಲ್ಲೂಕನ್ನು ಜಿಲ್ಲೆಗೆ ಏರಿಸಿ, ವಯಸ್ಸನ್ನು ‘45ಕ್ಕಿಂತ ಮೇಲೆ’ ಮಾಡಿ. 2006ರಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ಪಟ್ಟಿಯನ್ನು ಹೆಸರಿನ ಬದಲು ಅಂಕಿ ಹಾಕಿ ಸಂಶೋಧನೆಗೆಂದು ಬಿಟ್ಟಿತು. ಅವರು ಏನೇನು ಹುಡುಕಿದ್ದರು ಅನ್ನುವುದರಿಂದಲೇ ಒಬ್ಬ ಮಹಿಳೆಯ ಮನೆ ಬಾಗಿಲಿಗೆ ಪತ್ರಕರ್ತರು ಕೆಲವೇ ದಿನದಲ್ಲಿ ಹೋದರು. ಕಂಪನಿ ಕಡತ ಹಿಂದಕ್ಕೆ ತೆಗೆದುಕೊಂಡಿತು, ನಕಲುಗಳು ಉಳಿದವು. ಮಸ್ಕಿ ಬಂಡೆಯ ಮೇಲಿನ ಅಶೋಕನ ಹೆಸರಿನ ಹಾಗೆ, ಒಮ್ಮೆ ಹೋದದ್ದು ಅಳಿಯುವುದಿಲ್ಲ.

ತಾಂಡಾ_ಹಾದಿ (ಲಿಂಗಸುಗೂರು)

ಒಂದು ಮಾತು. ಕಡತದಾಗ ‘ಕನ್ನಡವಲ್ಲ’ ಅಂತ ಒಂದು ಡಬ್ಬಿ ಇಟ್ಟು ಬ್ಯಾರೆ ಮಾತೆಲ್ಲಾ ಅದರಾಗ ಒಗೀತಾರ. ರಾಯಚೂರಿನಾಗ ಒಂದೇ ವಾಕ್ಯದಾಗ ಕನ್ನಡ, ದಖನಿ, ತೆಲುಗು ಬರ್ತಾವ. ತಾಂಡಾದವ್ರು ಲಂಬಾಣಿ ಬೆರಸ್ತಾರ. ಒಗೆದ್ರ ಆ ಜನ ಪೂರಾ ಹೊರಗೇ. ಭಾಷೆ ಗುರುತಿಸೋ ಸಾಫ್ಟ್‌ವೇರ್ ಲಂಬಾಣಿನ ಹಿಂದಿ ಅಂತ ಬರೆದ್ರ ಹಂಗೇ ಬಿಡಬ್ಯಾಡ್ರಿ. 2011ರ ಜನಗಣತಿಯೂ 32 ಲಕ್ಷ ಲಂಬಾಣಿ ಮಾತಾಡೋರನ್ನ ಹಿಂದಿಯ ಕೆಳಗೇ ಎಣಿಸೇತಿ.

ಹಾಡು, ಪೂಜೆ ಮಾತು ಬಂದ್ರ ಒಬ್ಬರ ಒಪ್ಪಿಗೆ ಸಾಲದು. ಅದು ತಾಂಡಾದ್ದು. ತಾಂಡಾದ ಮುಖಂಡರಾದ ನಾಯಕ್, ಕಾರಭಾರಿ ಅಷ್ಟೇ ಅಲ್ಲ, ಹಾಡೋ ಹೆಣ್ಮಕ್ಕಳನ್ನೂ ಕೂಡಿಸಿ ಕೇಳ್ರಿ.

ಕಿನ್ನಾಳ_ಗೊಂಬೆ

ಇದಕ್ಕೆ ಜೋಡಿಸುವಂಥದ್ದು: ನ್ಯೂಜಿಲೆಂಡಿನಲ್ಲಿ ಟೆ ಹಿಕು ಮೀಡಿಯಾ ಅನ್ನುವ ಮಾವೊರಿ ರೇಡಿಯೋ ಸಂಸ್ಥೆ ತನ್ನ ಜನರ ನೂರಾರು ಗಂಟೆ ಧ್ವನಿ ಸಂಗ್ರಹಿಸಿ ತಾನೇ ಮಾದರಿ ಕಟ್ಟಿತು, ಧ್ವನಿಯನ್ನು ಸಾರ್ವಜನಿಕಕ್ಕೆ ಬಿಡಲಿಲ್ಲ. ಬಳಸಬೇಕಾದವರು ಕೇಳಬೇಕು, ಬಳಕೆಯಿಂದ ಆ ಜನಕ್ಕೆ ಲಾಭ ಇರಬೇಕು ಅನ್ನುವ ಪರವಾನಗಿ ತಾವೇ ಬರೆದರು. ಮೊಜಿಲ್ಲಾದ ಕಾಮನ್ ವಾಯ್ಸ್ ಎಂಬ ಧ್ವನಿ ಸಂಗ್ರಹ ಇದಕ್ಕೆ ತದ್ವಿರುದ್ಧ, ಸಿಸಿ0 ಎಂಬ ಮುಕ್ತ ಪರವಾನಗಿಯ ಅಡಿ ಯಾರು ಬೇಕಾದರೂ ಬಳಸಬಹುದು. ಎರಡರಲ್ಲಿ ಯಾವುದೆಂದು ರೆಕಾರ್ಡಿಂಗ್‌ಗೆ ಮುಂಚೆ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಮತ್ತೆ ಎಲ್ಲರ ಮನೆಗೆ ಹೋಗಬೇಕು.

ಈಗ ಬೈಗುಳದ ತಂಡ. ಕನ್ನಡದಲ್ಲಿ 2020ರಲ್ಲೇ ಯೂಟ್ಯೂಬ್ ಕಾಮೆಂಟುಗಳಿಗೆ ಬೈಗುಳ ಹೌದೋ ಅಲ್ಲವೋ ಅಂತ ಗುರುತು ಹಚ್ಚಿದ ಸಂಗ್ರಹ ಬಂದಿದೆ, ಏಳು ಸಾವಿರ ಚಿಲ್ಲರೆ ಕಾಮೆಂಟ್. ಹೊಸದು ಮಾಡುವ ಮುಂಚೆ ಅದನ್ನು ನೋಡಿ. ಮಾಡಲೇಬೇಕೆಂದರೆ ಎರಡು ಕಡೆ ಎಡವುತ್ತಾರೆ.

ಗುರುತು ಹಚ್ಚುವವರು ಬೆಂಗಳೂರಿನವರಾದರೆ ‘ಏನಲೇ ಮಗನ, ಎಲ್ಲಿ ಹೋಗಿದ್ದಿ’ ಬೈಗುಳದ ಡಬ್ಬಿಗೆ ಹೋಗುತ್ತದೆ. ಇಲ್ಲಿ ಅದು ಗೆಳೆಯರ ಮಾತು. ಅಮೆರಿಕದಲ್ಲಿ ಕರಿಯರ ಆಡುಮಾತಿನ ಟ್ವೀಟುಗಳನ್ನು ಇಂಥ ಮಾದರಿಗಳು ಹೆಚ್ಚಾಗಿ ಬೈಗುಳ ಎನ್ನುತ್ತವೆ ಎಂದು 2019ರಲ್ಲೇ ತೋರಿಸಿದ್ದಾರೆ, ಅಲ್ಲೂ ದೋಷ ಶುರುವಾದದ್ದು ಗುರುತು ಹಚ್ಚುವ ಹಂತದಿಂದ.

ಮೂವರಲ್ಲಿ ಇಬ್ಬರು ‘ಬೈಗುಳವಲ್ಲ’, ಒಬ್ಬಳು ‘ಹೌದು’ ಅಂದರೆ ಬಹುಮತ ಅಂತ ಅವಳ ಗುರುತು ಅಳಿಸುವುದು ರೂಢಿ. ಜಾತಿಯ ಕುಹಕ ಅರ್ಥವಾಗುವುದು ಅದು ತಗುಲುವವರಿಗೆ. ಮೂರೂ ಗುರುತು ಬೇರೆಬೇರೆ ಕಾಲಂನಲ್ಲಿ ಉಳಿಸಿ. ಒಮ್ಮತದ ಅಂಕಿ (ಮೂವರ ಗುರುತು ಎಷ್ಟು ಹೊಂದುತ್ತದೆ ಅನ್ನುವುದು) ಕಡಿಮೆ ಬಂದರೆ ಬರಲಿ, ಅದನ್ನು ಹೆಚ್ಚಿಸಲು ಜನರನ್ನು ಬದಲಿಸಬೇಡಿ.

ಮಾದರಿಯನ್ನು ಪರೀಕ್ಷಿಸುವುದು ಸುಲಭ. ‘ನಾನು ___ ಸಮುದಾಯದವನು’, ‘ನಮ್ಮ ___ ಓಣಿಯಲ್ಲಿ ಇವತ್ತು ಜಾತ್ರೆ’ ಥರದ 20 ಸಾದಾ ವಾಕ್ಯದಲ್ಲಿ ಬೇರೆಬೇರೆ ಸಮುದಾಯದ ಹೆಸರು ತುಂಬಿ ಮಾದರಿಗೆ ಕೊಡಿ. ಕೆಲವು ಹೆಸರಿಗೆ ಮಾತ್ರ ಬೈಗುಳದ ಅಂಕ ಏರಿದರೆ ಮಾದರಿ ಕಲಿತದ್ದು ಬೈಗುಳವಲ್ಲ, ಸಮುದಾಯದ ಹೆಸರು. ಅದನ್ನು ಕಾಮೆಂಟ್ ಸೋಸಲು ಹಾಕಿದರೆ ತಮ್ಮ ಬಗ್ಗೆ ತಾವೇ ಬರೆದುಕೊಂಡವರ ಬಾಯಿ ಮೊದಲು ಮುಚ್ಚುತ್ತದೆ.

ಕೂಲಿ: ಮೊದಲ 50 ಕಾಮೆಂಟಿಗೆ ಎಷ್ಟು ಹೊತ್ತಾಯಿತು ಅಳೆಯಿರಿ. 40 ನಿಮಿಷವಾದರೆ 8 ಗಂಟೆಗೆ 600. ದಿನಗೂಲಿಯನ್ನು 600ರಿಂದ ಭಾಗಿಸಿದ್ದು ಒಂದು ಕಾಮೆಂಟಿನ ದರದ ತಳಮಟ್ಟ. ಆದರೆ ಬೈಗುಳವನ್ನು ಯಾರೂ 8 ಗಂಟೆ ಓದಬಾರದು. 45 ನಿಮಿಷಕ್ಕೊಮ್ಮೆ ಬಿಡುವು, ದಿನಕ್ಕೆ ಎರಡು ಗಂಟೆ ಮೀರದಂತೆ, ಬೇಕೆಂದಾಗ ಎದ್ದು ಹೋದರೂ ಅಲ್ಲಿಯವರೆಗಿನ ದುಡ್ಡು. ವಿದ್ಯಾರ್ಥಿಗಳಿಂದ ‘ಅಸೈನ್‌ಮೆಂಟ್’ ಅಂತ ಪುಕ್ಕಟೆ ಮಾಡಿಸುವುದು ಬೇಡ.

ಕೋಟೆ_ಕಲ್ಲು

ಪೇಪರಿನಾಗ ಉದಾಹರಣೆಗೆ ಕಾಮೆಂಟ್ ಇದ್ದದ್ದು ಇದ್ದಂಗೇ ಹಾಕಬಹುದಾ?

ಗವಿಮಠ_ದಾರಿ

ಬೇಡ. ಹುಡುಕಿದರೆ ನೇರ ಆ ಖಾತೆಗೆ ಹೋಗುತ್ತದೆ. ಅರ್ಥ ಉಳಿಸಿ ಪದ ಬದಲಿಸಿ, ಬದಲಿಸಿದ್ದನ್ನು ಒಮ್ಮೆ ನೀವೇ ಹುಡುಕಿ ನೋಡಿ.

ಬಳ್ಳಾರಿ_ಬಿಸಿಲು

ಪಾಠದ ಪ್ರಶ್ನೆಗೆ ಬರೋಣ. ಪ್ರತ್ಯೇಕ ಘಟಕ ಬೇಡ, ಅಂಕದಲ್ಲಿ ಇಡಿ. ಪ್ರಾಜೆಕ್ಟಿನ 100ರಲ್ಲಿ 20: ದತ್ತಾಂಶ ವಿವರಣೆಗೆ 8, ಗುಂಪುವಾರು ತಪ್ಪಿನ ವಿಶ್ಲೇಷಣೆಗೆ 5, ಹಿಂದೆ ಸರಿದವರ ಧ್ವನಿ ತೆಗೆಯುವ ಕವಾಯತಿಗೆ 7.

ದತ್ತಾಂಶ ವಿವರಣೆ ಅಂದರೆ 2018ರಲ್ಲಿ ಬೆಂಡರ್ ಮತ್ತು ಫ್ರೀಡ್‌ಮನ್ ಎಂಬ ಸಂಶೋಧಕರು ಹೇಳಿದ ರೀತಿ: ಯಾವ ಸೀಮೆಯ ಭಾಷೆ, ಮಾತಾಡಿದವರು ಯಾರು, ಗುರುತು ಹಚ್ಚಿದವರು ಯಾರು, ಯಾವ ಸಂದರ್ಭದಲ್ಲಿ ಮಾತಾಡಿದರು, ಏಕೆ ಆರಿಸಿದಿರಿ. ಎರಡು ಪುಟ ಸಾಕು. ತಪ್ಪಿನ ವಿಶ್ಲೇಷಣೆಯಲ್ಲಿ ಪದದೋಷದ ಪ್ರಮಾಣ (ಮಾದರಿ ಎಷ್ಟು ಪದ ತಪ್ಪಾಗಿ ಇಳಿಸಿತು ಅನ್ನುವುದು) ಒಟ್ಟಾರೆ ಒಂದೇ ಅಂಕಿ ಕೊಟ್ಟರೆ ಸೊನ್ನೆ. ಹೆಣ್ಣು-ಗಂಡು, ವಯಸ್ಸು, ತಾಲ್ಲೂಕು ಬಿಡಿಸಿ ತೋರಿಸಬೇಕು. ಆಡಿದ್ದನ್ನು ಆಡಿದ ಹಾಗೇ ಒಂದು ಪದರ, ಶಿಷ್ಟ ರೂಪ ಇನ್ನೊಂದು ಪದರ ಬರೆಯಿಸಿ. ಇಲ್ಲದಿದ್ದರೆ ‘ಹೊಂಟೀನಿ’ ಅಂತ ಸರಿಯಾಗಿ ಕೇಳಿಸಿಕೊಂಡ ಮಾದರಿಗೂ ‘ಹೊರಟಿದ್ದೇನೆ’ ಅಲ್ಲ ಅಂತ ತಪ್ಪು ಬೀಳುತ್ತದೆ.

ತೆಗೆಯುವ ಕವಾಯತು ನನ್ನ ಪ್ರಕಾರ ಇಡೀ ಕೋರ್ಸಿನ ಮುಖ್ಯ ಪಾಠ. ಎಂಟನೇ ವಾರ, ಮುನ್ಸೂಚನೆ ಇಲ್ಲದೆ, ಮಾಸ್ತರು ಒಂದು ಸಂಕೇತ ಕೊಡುತ್ತಾರೆ: ‘ರಾ-017 ಹಿಂದೆ ಸರಿದಿದ್ದಾರೆ’. 48 ಗಂಟೆಯಲ್ಲಿ ಆ ವ್ಯಕ್ತಿಯ ಧ್ವನಿ ಎಲ್ಲೆಲ್ಲಿದೆ ಹುಡುಕಿ ತೆಗೆದು ವರದಿ ಕೊಡಬೇಕು. ಆಗ ಹೊರಬರುವುದು ಇವು: ತುಣುಕು ಕತ್ತರಿಸುವಾಗ ಕಡತಕ್ಕೆ 0001, 0002 ಅಂತ ಹೆಸರಿಟ್ಟು ಸಂಕೇತ ಕಳೆದುಹೋಗಿರುತ್ತದೆ. ತರಬೇತಿಗೆ ಧ್ವನಿ ಹೆಚ್ಚಿಸಲು ವೇಗ 0.9, 1.1 ಮಾಡಿದ ಪ್ರತಿಗಳು ಬೇರೆ ಫೋಲ್ಡರಿನಲ್ಲಿರುತ್ತವೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಒಂದು, ತಂಡದವರು ಪರಸ್ಪರ ಕಳಿಸಿಕೊಂಡ ವಾಟ್ಸಾಪ್‌ನಲ್ಲಿ ಇನ್ನೊಂದು. ಲಿಪಿಗಿಳಿಸಿದ ಪಠ್ಯವನ್ನು ಅನುವಾದಕ್ಕೆಂದು ಯಾರೋ ಚಾಟ್‌ಬಾಟ್‌ಗೆ ಅಂಟಿಸಿರುತ್ತಾರೆ, ಅದು ಒಪ್ಪಿಗೆಯ ನಾಲ್ಕು ಪ್ರಶ್ನೆಯಲ್ಲಿ ಯಾವುದರಲ್ಲೂ ಬರುವುದಿಲ್ಲ. ತರಬೇತಿಯಾದ ಮಾದರಿಯೊಳಗಿಂದ ಒಬ್ಬರನ್ನು ಎತ್ತಿ ತೆಗೆಯಲಾಗದು, ಮತ್ತೆ ತರಬೇತಿ ಕೊಡಬೇಕು. ಮಾದರಿಗಳು ಕಂಠಪಾಠ ಮಾಡುತ್ತವೆ: 2021ರಲ್ಲಿ ಜಿಪಿಟಿ-2 ಎಂಬ ಭಾಷಾ ಮಾದರಿಯಿಂದ ಜನರ ಹೆಸರು, ಫೋನ್ ನಂಬರ್ ಸಮೇತ ತರಬೇತಿ ಪಠ್ಯ ಹೊರತೆಗೆದು ತೋರಿಸಿದ್ದಾರೆ.

ಮೊದಲೇ ಹೀಗೆ ಕಟ್ಟಿದರೆ ಕವಾಯತು ಸಲೀಸು: ಪ್ರತಿ ಕಡತದ ಹೆಸರಿನ ಮೊದಲ ಭಾಗ ವ್ಯಕ್ತಿಯ ಸಂಕೇತ, ಸಂಕೇತ-ಹೆಸರು ಕೋಷ್ಟಕ ಗೂಢಲಿಪೀಕರಿಸಿದ ಒಂದೇ ಪೆನ್‌ಡ್ರೈವ್‌ನಲ್ಲಿ ಗೈಡ್ ಹತ್ತಿರ, ತರಬೇತಿ-ಪರೀಕ್ಷೆ ವಿಭಜನೆ (ಮಾದರಿಗೆ ಕಲಿಸಲು ಯಾವುದು, ಪರೀಕ್ಷಿಸಲು ಯಾವುದು ಎಂಬ ಹಂಚಿಕೆ) ವಾಕ್ಯವಾರು ಅಲ್ಲ, ವ್ಯಕ್ತಿವಾರು. ವ್ಯಕ್ತಿವಾರು ಮಾಡಿದರೆ ಇನ್ನೊಂದು ಲಾಭ, ಒಂದೇ ದನಿ ಎರಡೂ ಕಡೆ ಬಂದು ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುವುದು ತಪ್ಪುತ್ತದೆ.

ಕೋಟೆ_ಕಲ್ಲು

ಕವಾಯತು ಚಲೋ ಐತಿ, ಒಪ್ಪಿದೆ. ಆದ್ರ ವರದಿನ ಚಾಟ್‌ಬಾಟ್ ಕಡೆ ಬರೆಸಿ ತಂದ್ರ? ಎಐ ಪತ್ತೆ ಮಾಡೋ ಸಾಫ್ಟ್‌ವೇರ್ ಹಾಕಬೇಕಾ?

ಕಿನ್ನಾಳ_ಗೊಂಬೆ

ಹಾಕಬೇಡಿ. 2023ರಲ್ಲಿ ಅಂಥ ಏಳು ಸಾಧನಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದವರ 91 ಪ್ರಬಂಧ ಕೊಟ್ಟಾಗ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಯಂತ್ರದ ಬರಹ ಅಂದವು. ಇಂಗ್ಲಿಷ್ ಮನೆಮಾತಲ್ಲದವರ ಸರಳ ವಾಕ್ಯಗಳೇ ಅವಕ್ಕೆ ಅನುಮಾನ. ನಮ್ಮ ಹುಡುಗರ ರಿಪೋರ್ಟಿಗೆ ಆಗುವುದೂ ಅದೇ. ಯುಜಿಸಿಯ 2018ರ ಕೃತಿಚೌರ್ಯ ನಿಯಮದ 10, 40, 60 ಶೇಕಡಾ ಮೆಟ್ಟಿಲು ಇರುವುದು ಬೇರೆಯವರ ಬರಹದ ಹೋಲಿಕೆಗೆ, ಈ ಸಾಧನಗಳ ಅಂಕಿಗೆ ಅದನ್ನು ಅನ್ವಯಿಸಬಾರದು. ವೈವಾದಲ್ಲಿ ‘ರಾ-017ರ ತುಣುಕು ಎಲ್ಲೆಲ್ಲಿ ಸಿಕ್ಕಿತು, ತೋರಿಸು’ ಅನ್ನಿ. ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ತೆರೆದು ತೋರಿಸಲಿ.

ದೋಆಬ್_ಮಾಸ್ತರ

ಕೊನೆಯದಾಗಿ ಒಂದು. ನಾಲ್ಕು ಪ್ರಶ್ನೆಯಲ್ಲಿ ಮೊದಲನೆಯದಕ್ಕೆ ಹೂಂ, ಮೂರನೆಯದಕ್ಕೆ ಬೇಡ ಅಂದವರ ಧ್ವನಿಯಿಂದ ತರಬೇತಿಯಾದ ಮಾದರಿಯನ್ನು ಸಾರ್ವಜನಿಕವಾಗಿ ಬಿಡಬಹುದೇ? ಧ್ವನಿ ಬಿಡುವುದಿಲ್ಲ, ಮಾದರಿ ಮಾತ್ರ.

ಬಳ್ಳಾರಿ_ಬಿಸಿಲು

ಇದು ಪ್ರತ್ಯೇಕ ಪ್ರಶ್ನೆ ಆಗಬೇಕು, ಐದನೆಯದು. ಹಳೆಯ ನಾಲ್ಕರಲ್ಲಿ ಅದಕ್ಕೆ ಉತ್ತರ ಇಲ್ಲ. ಈಗಿನ್ನೂ ರೆಕಾರ್ಡಿಂಗ್ ಶುರುವಾಗಿಲ್ಲವಾದ್ದರಿಂದ ಸೇರಿಸಿಬಿಡಿ: ‘ನಿಮ್ಮ ದನಿ ಕೇಳಿ ಕಲಿತ ಯಂತ್ರವನ್ನ ಎಲ್ಲರಿಗೂ ಕೊಡಬಹುದಾ? ದನಿ ಕೊಡಂಗಿಲ್ಲ.’ ಬೇಡ ಅಂದವರನ್ನು ಬಿಟ್ಟು ಇನ್ನೊಂದು ಮಾದರಿ ತರಬೇತಿ ಮಾಡಿ ಅದನ್ನು ಬಿಡಿ. ಪೂರ್ತಿ ಮಾದರಿ ಕಾಲೇಜಿನ ಸರ್ವರಿನಲ್ಲೇ ಇರಲಿ.

ತಾಂಡಾ_ಹಾದಿ

ಐದನೇದು ಕೇಳೋವಾಗ ಫೋನಿನಾಗ ಒಂದು ಮಾದರಿ ಓಡಿಸಿ ತೋರಿಸ್ರಿ. ಯಂತ್ರ ಅಂದ್ರ ನಮ್ಮ ಹಿರ್ಯಾರು ಟ್ರ್ಯಾಕ್ಟರ್ ಅಂತ ತಿಳ್ಕೊಂಡು ಹೂಂ ಅಂತಾರ.